ಬಿಳಿ ಬೆರಳಿನ ಓಣಿ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಹೆಚ್ಚು ಓದಿದವಳಲ್ಲ. ಮೂವತ್ತಾರನೆಯ ವಯಸ್ಸಿನಲ್ಲಿ ಪುರಸಭೆಯ ಸಂಜೆ ತರಗತಿಗೆ ಸೇರಿ ಹತ್ತನೆಯದನ್ನು ಪಾಸು ಮಾಡಿದವಳು, ಅದೂ ಗಣಿತದಲ್ಲಿ ಎರಡನೆಯ ಸಲಕ್ಕೆ. ನನಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ ಕ್ರೈಸ್ತ ಸಭೆಯಲ್ಲೇ ಇದ್ದಾರೆ, ಆದರೆ ಅವರು ಹೇಳುವ ಹಾಗೆ ಕಾಣುವುದಿಲ್ಲ. ಇದರಿಂದ ಯಾರ ಮನಸ್ಸಿಗಾದರೂ ನೋವಾದರೆ ಕ್ಷಮಿಸಬೇಕು. ನಡುವೆ ಎಲ್ಲಾದರೂ ಜಂಬ ಕಂಡರೆ ಅದನ್ನೂ ಕ್ಷಮಿಸಬೇಕು. ಮೂರು ಸಲ ಬರೆದು ಹರಿದು ಹಾಕಿದ್ದೇನೆ. ಇದು ನಾಲ್ಕನೆಯದು.

ನನ್ನ ಹೆಸರು ಮಿಲ್ಕಾ. ಅಂಗಿಯ ಗುಂಡಿ ತೂರಿಸುವ ಕಾಜಾ ಹಾಕುವುದು ನನ್ನ ಕೆಲಸ. ವಿಠೋಬಣ್ಣನ ಟೇಲರ್ ಅಂಗಡಿಯಲ್ಲಿ ಹೊಲಿದ ಅಂಗಿಗಳು ನನ್ನ ಕೋಣೆಗೆ ಬರುತ್ತವೆ. ನಾನು ಕಾಜಾ ಕೊಯ್ದು, ಅಂಚು ಹೊಲಿದು, ಗುಂಡಿ ಹಚ್ಚಿ ಕಳಿಸುತ್ತೇನೆ. ನನ್ನ ಕೋಣೆ ಮಿಶನ್ ಓಣಿಯ ಕೊನೆಯಲ್ಲಿ, ನಾವು ದೇವಾಲಯ ಎನ್ನುವ ಚರ್ಚಿನ ಹಿಂದಿನ ಗೋಡೆಗೆ ಹತ್ತಿಕೊಂಡು ಇದೆ. ತಾಯಿ ತೀರಿಕೊಂಡ ಮೇಲೆ ಅದರಲ್ಲಿ ನಾನೊಬ್ಬಳೇ.

ನಮ್ಮ ಊರಿನಲ್ಲಿ ಮತ ಹಾಕಿದವರ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿ ಮುಂದಿನ ಚುನಾವಣೆಯ ತನಕ ಹೋಗುವುದಿಲ್ಲ. ವಾರ್ಡಿನಿಂದ ಆರಿಸಿ ಬಂದವನು ಕುರ್ಚಿಯಲ್ಲಿ ಕೂತು ಅನ್ಯಾಯದ ಕೆಲಸ ಮಾಡಿದಾಗಲೆಲ್ಲ ಆ ಬೆರಳು ನೋಯುತ್ತದೆ. ಅವನಿಗೆ ಮತ ಹಾಕಿದವರದೂ ನೋಯುತ್ತದೆ, ಬೇರೆಯವನಿಗೆ ಹಾಕಿದವರದೂ ನೋಯುತ್ತದೆ. ಊರು ಇದಕ್ಕೆ ಒಗ್ಗಿಕೊಂಡು ಬಹಳ ಕಾಲವಾಯಿತು. ಔಷಧದ ಅಂಗಡಿಗಳಲ್ಲಿ ಬೆರಳೆಣ್ಣೆ ಎಂಬ ಹಸಿರು ಶೀಶೆ ಸಿಗುತ್ತದೆ. ಕ್ಷೌರದವರು ನೋವು ಬಂದಾಗ ಗಿರಾಕಿಯ ಗಲ್ಲದಿಂದ ಕತ್ತಿ ತಟ್ಟನೆ ಎತ್ತುವುದನ್ನು ಕಸುಬಿನ ಮೊದಲ ಪಾಠವಾಗಿ ಕಲಿಯುತ್ತಾರೆ. ಹೆಣ್ಣು ನೋಡಲು ಬಂದವರು ಬೆರಳನ್ನೂ ನೋಡುತ್ತಾರೆ. ಶಾಯಿ ಇದ್ದವಳು ತಾಳಿಕೊಂಡು ಹೋಗುವ ಹುಡುಗಿ ಎಂದು ಕೆಲವರಿಗೆ ಅವಳೇ ಬೇಕು, ಇನ್ನು ಕೆಲವರಿಗೆ ಅದೇ ಕಾರಣಕ್ಕೆ ಬೇಡ. ಸಂತೆಯ ನಡುವೆ ಒಮ್ಮೊಮ್ಮೆ ಒಂದು ವಾರ್ಡಿನವರೆಲ್ಲ ಒಟ್ಟಿಗೆ ಮಾತು ನಿಲ್ಲಿಸಿ ಬೆರಳು ಹಿಡಿದುಕೊಳ್ಳುತ್ತಾರೆ. ಯಾರೋ ಒಬ್ಬರು "ಏನೋ ಮಾಡಿದ ನೋಡಪಾ" ಎನ್ನುತ್ತಾರೆ. ಮತ್ತೆ ಬದನೆಕಾಯಿಯ ಚೌಕಾಶಿ ಶುರುವಾಗುತ್ತದೆ.

ಮಿಶನ್ ಓಣಿಯವರಾದ ನಾವು ಮಾತ್ರ ಮತ ಹಾಕುತ್ತಿರಲಿಲ್ಲ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಸಭೆಯ ಹಿರಿಯರು ಕೂತು ತೀರ್ಮಾನ ಮಾಡಿದ್ದರಂತೆ, ಕರ್ತನ ಮೇಜಿಗೆ ಚಾಚುವ ಕೈ ಬಿಳಿಯಾಗಿರಬೇಕು, ಯಾರೋ ಮಾಡುವ ಪಾಪದ ಗುರುತು ಅದರ ಮೇಲೆ ಇರಬಾರದು ಎಂದು. ಹಾಗೆಂದು ನಾವು ಸೋಮಾರಿಗಳಲ್ಲ. ಮತದಾನದ ದಿನ ಬೆಳಿಗ್ಗೆ ಏಳರಿಂದ ಸಂಜೆ ಐದರ ತನಕ, ಮತಗಟ್ಟೆ ತೆರೆದಿರುವಷ್ಟೂ ಹೊತ್ತು, ಓಣಿಯವರೆಲ್ಲ ಉಪವಾಸವಿದ್ದು ದೇವಾಲಯದಲ್ಲಿ ಪ್ರಾರ್ಥನೆ ಮಾಡುತ್ತಿದ್ದೆವು. ಅಧಿಕಾರಿಗಳಿಗಾಗಿ, ಊರಿಗಾಗಿ, ಮಳೆ ಬೆಳೆಗಾಗಿ. ಬಾಯಿಮಾತಿನ ಪ್ರಾರ್ಥನೆಯಲ್ಲ ಅದು. ನಮ್ಮ ತಾಯಿ ಮೊಣಕಾಲೂರಿ ಊರಿನ ಎಂಟೂ ವಾರ್ಡುಗಳ ಹೆಸರು ಹೇಳಿ ಅಳುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಭೆಯಲ್ಲಿ ನನಗೊಂದು ಕೆಲಸವಿತ್ತು. ತಿಂಗಳ ಮೊದಲ ಭಾನುವಾರ ಪ್ರಭುಭೋಜನ, ಎಂದರೆ ಕರ್ತನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ಅದಕ್ಕೆ ಬೇಕಾದ ನೂರಿಪ್ಪತ್ತು ಸಣ್ಣ ಗಾಜಿನ ಬಟ್ಟಲುಗಳನ್ನು ತೊಳೆದು ಒರೆಸುವುದು, ಮೇಜಿನ ಬಿಳಿ ವಸ್ತ್ರವನ್ನು ಒಗೆದು ಇಸ್ತ್ರಿ ಮಾಡುವುದು. ಹಿಂದಿನ ದಿನ ಶನಿವಾರ ಯಾರಾದರೂ ಬಂದು ಬಾಗಿಲು ಬಡಿದು "ಮಿಲ್ಕಕ್ಕಾ, ವಸ್ತ್ರ ರೆಡಿ ಏನು?" ಎಂದು ಕೇಳುತ್ತಿದ್ದರು. ತಿಂಗಳಿನಲ್ಲಿ ನನ್ನ ಬಾಗಿಲು ಬಡಿಯುತ್ತಿದ್ದದ್ದು ಹೆಚ್ಚುಕಡಿಮೆ ಅಂದೊಂದೇ ದಿನ. ವಿಠೋಬಣ್ಣನ ಅಂಗಡಿಯವರು ಅಂಗಿಗಳ ಗಂಟನ್ನು ಕಿಟಕಿಯಿಂದಲೇ ಒಳಗೆ ಹಾಕಿ ಹೋಗುತ್ತಾರೆ.

ನಮ್ಮದು ಐದನೇ ವಾರ್ಡು. ಅದರಲ್ಲಿ ಇರುವುದು ಎರಡೇ ವಸತಿ, ನಮ್ಮ ಮಿಶನ್ ಓಣಿ ಮತ್ತು ಅದರ ಹಿಂದಿನ ಪೌರಕಾರ್ಮಿಕರ ಸಾಲು. ಆ ಸಾಲಿನ ಹುಲಿಗೆವ್ವ ನಮ್ಮ ಓಣಿಯ ಕಸ ಗುಡಿಸುತ್ತಾಳೆ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಕಳೆದ ಚುನಾವಣೆಗೆ ಇನ್ನು ಒಂದು ತಿಂಗಳು ಇರುವಾಗ, ಒಂದು ಬೆಳಿಗ್ಗೆ, ನಾನು ಬಿಸಿಲಿಗೆ ಹೊಸ್ತಿಲ ಮೇಲೆ ಕೂತು ಕಾಜಾ ಹಾಕುತ್ತಿದ್ದೆ. ಹುಲಿಗೆವ್ವನ ಕೈಯಿಂದ ಪೊರಕೆ ಬಿತ್ತು. ಅವಳು ಅಲ್ಲೇ ಚರಂಡಿಯ ಕಟ್ಟೆಯ ಮೇಲೆ ಕುಸಿದು ಕೂತು ಬೆರಳನ್ನು ಬಾಯಲ್ಲಿಟ್ಟುಕೊಂಡಳು.

"ಏನಾತು ಹುಲಿಗೆವ್ವ?"

"ಏನಿಲ್ರೀ ಅಕ್ಕಾರ. ನಮ್ಮ ಗೂಳಪ್ಪ ಎಲ್ಲೋ ಕುಂತು ಏನೋ ಮಾಡ್ಯಾನ. ಸಹಿ ಇರಬೇಕು. ಸಹಿ ಆದ್ರ ಹಿಂಗ ದಬ್ಬಣ ಚುಚ್ಚಿದಂಗ ಬರ್ತೈತಿ. ಕೊಟ್ಟ ಮಾತು ತಪ್ಪಿದ್ರ ಮೊಣಕೈ ತನಕ ಏರತೈತಿ." ಗೂಳಪ್ಪ ಎಂದರೆ ಆಗ ನಮ್ಮ ವಾರ್ಡಿನ ಸದಸ್ಯ.

"ಎಣ್ಣಿ ಹಚ್ಚಬೇಕಿಲ್ಲ?"

"ಹಚ್ಚೀನ್ರಿ. ಪುರಸಭಾದಾಗ ಏನ್ ನಡದೈತಿ ಅಂತ ಎಣ್ಣಿಗೇನ್ ಗೊತ್ತಾಗತೈತಿ?" ಎಂದು ಅವಳು ನಕ್ಕಳು. ನಂತರ ಬಟ್ಟೆಯ ಮೇಲಿದ್ದ ನನ್ನ ಕೈ ನೋಡಿದಳು. "ನಿಮ್ಮ ಮಂದಿ ಬೆರಳು ಎಷ್ಟು ಬೆಳ್ಳಗ ಅದಾವ್ರೀ. ಬೆಣ್ಣ್ಯಾಗ ಅದ್ದಿ ತಗದಂಗ."

"ನಾವು ಮತ ಹಾಕೂದಿಲ್ಲಲಾ ಹುಲಿಗೆವ್ವ. ಪ್ರಾರ್ಥನಾ ಮಾಡತೀವಿ. ನಿಮ್ಮ ಸಾಲಿನ ಸಲುವಾಗಿನೂ ಮಾಡತೀವಿ," ಎಂದೆ.

"ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಒಂದ್ ಮಾತು ಹೇಳತೀನಿ. ಏಳನೇ ವಾರ್ಡಿನಾಗ ನಮ್ಮಕ್ಕನ ಮಗಳದಾಳ. ಅವರ ಮೆಂಬರ ಏನ್ ದೇವರಲ್ಲ, ಕೆಟ್ಟತನದಾಗ ಗೂಳಪ್ಪಗ ಅಣ್ಣನ ಆಗಬೇಕಂವ. ಆದ್ರೂ ಆಕೀಗೆ ಇರಬಿ ಕಡದಂಗ ಆಗತೈತಿ ಅಷ್ಟ. ಅಲ್ಲಿ ಏಳನೂರು ಮಂದಿ ಹಂಚ್ಕೋತಾರ. ಇಲ್ಲಿ ನಾವು ನಲವತ್ತ ಮಂದಿ." ಅವಳು ಎದ್ದು ಪೊರಕೆಯನ್ನು ಬಲಗೈಗೆ ತೆಗೆದುಕೊಂಡಳು. "ನಿಮ್ಮ ಪಾಲಿಂದು ನಮ್ಮ ಬೆರಳಾಗ ಐತ್ರಿ ಅಕ್ಕಾರ. ಸಿಟ್ಟಾಗಬ್ಯಾಡ್ರಿ, ಹೇಳಿದೆ ಅಷ್ಟ."

ಅವಳು ಗುಡಿಸುತ್ತ ಮುಂದೆ ಹೋದಳು. ನಾನು ಆ ದಿನ ಒಂದೇ ಅಂಗಿಗೆ ಎರಡು ಸಲ ಕಾಜಾ ತಪ್ಪು ಕೊಯ್ದೆ.

ಸಂಜೆ ಟ್ರಂಕಿನ ತಳದಿಂದ ಒಂದು ಹಳೆಯ ಉತ್ತರಪತ್ರಿಕೆ ತೆಗೆದೆ. ಅದರ ಕಥೆಯನ್ನು ಹೇಳಲು ನನಗೆ ನಾಚಿಕೆ, ಆದರೂ ಹೇಳಬೇಕು. ಸಂಜೆ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ಪೌರನೀತಿಯಲ್ಲಿ ಒಂದು ಪ್ರಶ್ನೆ ಬಂದಿತ್ತು: 'ಮತ ಎಂದರೇನು? ಅದರ ಮಹತ್ವವನ್ನು ವಿವರಿಸಿ.' ಐದು ಅಂಕ. ನಮ್ಮ ಓಣಿಯಲ್ಲಿ ಮತ ಎಂದರೆ ಧರ್ಮ, ನಂಬಿಕೆ, ಅಷ್ಟೇ. ಇನ್ನೊಂದು ಅರ್ಥಕ್ಕೆ ನಮ್ಮ ಮನೆಗಳಲ್ಲಿ ಕೆಲಸವೇ ಇರಲಿಲ್ಲ. ಹಾಗಾಗಿ ನಾನು ಒಂದು ಪುಟ ತುಂಬ ಹೀಗೆ ಬರೆದಿದ್ದೆ: 'ಮತವು ದೇವರ ಮುಂದೆ ಪ್ರತಿಯೊಬ್ಬ ಮನುಷ್ಯನ ಸ್ವಂತ ಜವಾಬ್ದಾರಿ. ನಮ್ಮ ಮತವನ್ನು ಇನ್ನೊಬ್ಬರು ತೀರ್ಮಾನಿಸಲು ಬಿಡಬಾರದು. ಅದನ್ನು ಮಾರಬಾರದು. ಹೆದರಿಕೆಗೆ ಬದಲಿಸಬಾರದು. ಅದನ್ನು ಗುಟ್ಟಾಗಿ ಇಟ್ಟುಕೊಂಡರೂ ಅದರ ಫಲ ನೆರೆಯವರಿಗೆ ಕಾಣಬೇಕು. ಅದರಿಂದ ಕಷ್ಟ ಬಂದರೆ ತಾಳಿಕೊಳ್ಳಬೇಕು.'

ನಮಗೆ ಪಾಠ ಹೇಳುತ್ತಿದ್ದ ಪದ್ಮಾವತಿ ಅಕ್ಕೋರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಹೋಟೆಲಿನ ಅಡುಗೆಯವರು, ಗ್ಯಾರೇಜಿನವರು, ಎಲ್ಲರೂ ನಕ್ಕರು. ಅಕ್ಕೋರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅವರ ನಗು ನಿಂತಿತು. ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು. "ಅಲ್ಲಽ ಮಿಲ್ಕಾ, ಕೇಳಿದ್ದೇನು ನೀ ಬರದದ್ದೇನು! ಆದ್ರ ತಪ್ಪು ಅಂತ ಗೀಟು ಎಳೀಬೇಕಂದ್ರ ಎಲ್ಲಿ ಎಳೀಲಿ ನಾ? ಒಂದು ಸಾಲೂ ಸಿಗವಲ್ದು." ಮೂರು ಅಂಕ ಕೊಟ್ಟರು. ಎರಡು ಯಾಕೆ ಕಳೆದರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವತ್ತು ಎಲ್ಲರ ಮುಂದೆ ಅವಮಾನವಾಯಿತು ಎಂದು ಆ ಹಾಳೆಯನ್ನು ತಳಕ್ಕೆ ಹಾಕಿದ್ದೆ. ಹುಲಿಗೆವ್ವನ ಮಾತು ಕೇಳಿದ ದಿನ ಓದಿದಾಗ ಅದು ಬೇರೆಯಾಗಿ ಕಂಡಿತು. ನಾನು ಪ್ರಶ್ನೆಯನ್ನು ತಪ್ಪು ತಿಳಿದಿದ್ದೆನೋ, ಅಥವಾ ನಮ್ಮ ಓಣಿಯೇ ಇಷ್ಟು ವರ್ಷ ಅರ್ಧ ಉತ್ತರ ಬರೆದು ಎದ್ದು ಬಂದಿತ್ತೋ? ನನಗೆ ತಲೆ ಕೆಟ್ಟಿತು. ಒಂದು ವಾರ ಸರಿಯಾಗಿ ಊಟ ಸೇರಲಿಲ್ಲ. ಕಡೆಗೆ ಅಯ್ಯನವರನ್ನೇ ಕೇಳೋಣ ಎಂದು ಹೋದೆ.

ನಮ್ಮ ಸಭಾಪಾಲಕರಾದ ಜ್ಞಾನಮಿತ್ರ ಅಯ್ಯನವರು ಮೆತ್ತನೆಯ ಮನುಷ್ಯ. ಮನೆಯ ಮುಂದಿನ ಕ್ರೋಟನ್ ಗಿಡಗಳಿಗೆ ನೀರು ಹಾಕುತ್ತಿದ್ದರು. ವರಾಂಡದ ಕುರ್ಚಿಯಲ್ಲಿ ಸಭೆಯ ಹಿರಿಯರಾದ ತಿಮೋಥಿಯವರು ಪೇಪರು ಹಿಡಿದು ಕೂತಿದ್ದರು. ಅವರನ್ನು ಕಂಡು ವಾಪಸ್ ಹೋಗಿಬಿಡೋಣ ಅನ್ನಿಸಿತು. ಆದರೆ ಅಯ್ಯನವರು ಆಗಲೇ "ಬಾ ತಂಗಿ, ಏನು ಬಂದಿ?" ಎಂದಿದ್ದರು.

ನಾನು ಬಂದ ವಿಷಯ ತೊದಲುತ್ತ ಹೇಳಿದೆ. ತಿಮೋಥಿ ಹಿರಿಯರು ಪೇಪರಿನ ಹಿಂದಿನಿಂದಲೇ, "ಏನ್ರೀ ಮಿಲ್ಕಾ, ಇಲೆಕ್ಷನ್‌ಗೆ ನಿಂದ್ರೂ ವಿಚಾರ ಐತೇನು? ಚಿಹ್ನೆ ಏನು, ಸೂಜಿಯೋ ಗುಂಡಿಯೋ?" ಎಂದರು.

ಅಯ್ಯನವರು ನಗಲಿಲ್ಲ. "ನೋಡು ತಂಗಿ, ಹಿರಿಯರು ಮಾಡಿದ್ದಕ್ಕ ಕಾರಣ ಇರತದ. ಆರಿಸಿ ಬಂದವ ನಾಳೆ ತಪ್ಪು ಮಾಡಿದ್ರ ಅದರಾಗ ನಮಗ ಪಾಲು ಇರಬಾರದು. ನಾವು ಪ್ರಾರ್ಥನಾ ಮಾಡತೀವಿ. ಉಳಿದದ್ದು ಕರ್ತನ ಕೈಯಾಗಿನ ಮಾತು."

"ಅಯ್ಯನವರ, ನಂಗ ತಿಳೀಲಾರದ ಕೇಳತೀನ್ರಿ. ಗುಂಡಿ ಮಾತ್ರ ಹಚ್ಚತೀನಿ, ಕಾಜಾ ಕೊಯ್ಯೂದಿಲ್ಲ ಅಂದ್ರ ಅಂಗಿ ಕೂಡತದೇನ್ರಿ? ಒಳ್ಳೆ ಮನಷ್ಯಾನ್ನ ಕೊಡು ಅಂತ ಬೇಡಿಕೊಂತೀವಿ. ಕೊಡೂ ಹೊತ್ತಿನಾಗ ಕೈ ಕಟಿಗೊಂಡು ಕುಂದರತೀವಿ."

"ಕೈ ಸ್ವಚ್ಛ ಇರಬೇಕಲ್ಲ ತಂಗಿ."

ಆಗ ನನ್ನ ಬಾಯಿಂದ ಹೇಗೆ ಆ ಮಾತು ಬಂತೋ ಗೊತ್ತಿಲ್ಲ. "ನಮ್ಮ ಕರ್ತನ ಕೈ ಸ್ವಚ್ಛ ಇದ್ದವೇನ್ರಿ ಅಯ್ಯನವರ? ಅವನ ಕೈಯಾಗ ಗಾಯ ಇದ್ದವಲ್ರಿ. ಮಂದಿ ಮಾಡಿದ ತಪ್ಪಿನ ಗಾಯ."

ನೀರಿನ ಝಾರಿ ಒಂದೇ ಗಿಡದ ಮೇಲೆ ಸುರಿಯುತ್ತ ನಿಂತಿತು. ತಿಮೋಥಿ ಹಿರಿಯರು ಪೇಪರು ಮಡಿಸಿದರು. ಅವರು ಸಿಟ್ಟಿನಲ್ಲಿ ಹೇಳಲಿಲ್ಲ, ನಿಧಾನವಾಗಿಯೇ ಹೇಳಿದರು: "ನಿಮ್ಮನ್ನ ಯಾರೂ ಹಿಡದಿಲ್ರಿ. ಹಾಕೂದಾದ್ರ ಹಾಕ್ರಿ. ಆದ್ರ ಶಾಯಿ ಬೆರಳಿಲೆ ಕರ್ತನ ಬಟ್ಟಲಾ ಮುಟ್ಟೂದು ಆಗೂದಿಲ್ಲ. ವಸ್ತ್ರನೂ ಇಲ್ಲ. ಐದು ವರ್ಷ. ಇದು ನಾ ಮಾಡಿದ ನಿಯಮ ಅಲ್ಲ."

ನಾನು ಅಯ್ಯನವರ ಮುಖ ನೋಡಿದೆ. ಅವರು ಕ್ರೋಟನ್ ಎಲೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತಿದ್ದರು.

ಮತದಾನದ ದಿನ ನಾನೂ ಎಲ್ಲರ ಜೊತೆ ಏಳು ಗಂಟೆಗೇ ದೇವಾಲಯದಲ್ಲಿ ಚಾಪೆಯ ಮೇಲೆ ಕೂತೆ. ಮತ ಹಾಕಲು ಹೋಗುವುದಿಲ್ಲ ಎಂದು ತೀರ್ಮಾನಿಸಿಕೊಂಡೇ ಕೂತಿದ್ದೆ. ನನಗೇನು ಇದೆ ಈ ಸಭೆ ಬಿಟ್ಟರೆ? ಐದು ವರ್ಷ ಯಾರೂ ಬಾಗಿಲು ಬಡಿಯದ ಮನೆಯಲ್ಲಿ ಹೇಗೆ ಇರುವುದು? ಆದರೆ ಕಣ್ಣು ಮುಚ್ಚಿದಾಗಲೆಲ್ಲ ಚರಂಡಿ ಕಟ್ಟೆಯ ಮೇಲೆ ಬೆರಳು ಬಾಯಲ್ಲಿಟ್ಟುಕೊಂಡು ಕೂತ ಹೆಂಗಸು ಕಾಣುತ್ತಿದ್ದಳು. ಮೂರೂವರೆಗೆ ತಿಮೋಥಿ ಹಿರಿಯರ ಸರದಿ ಬಂತು. ಅವರು ಚೆನ್ನಾಗಿ ಪ್ರಾರ್ಥಿಸುತ್ತಾರೆ. "ಯೋಗ್ಯನಾದ ಮನುಷ್ಯನನ್ನು ನೀನೇ ಆರಿಸಿ ಕೊಡು ಕರ್ತನೇ" ಎಂದರು. ಎಲ್ಲರೂ ಆಮೆನ್ ಎಂದರು. ನಾನೂ ಅನ್ನಲು ಹೋದೆ. ಅನ್ನುವ ಬದಲು ಕಣ್ಣು ತೆರೆದು ಗೋಡೆಯ ಗಡಿಯಾರ ನೋಡಿದೆ.

ನಾನು ಎದ್ದೆ. ಮೊಣಕಾಲು ಲಟಕ್ಕೆಂದಿತು. ಆ ನಿಶ್ಶಬ್ದದಲ್ಲಿ ಅದು ಇಡೀ ದೇವಾಲಯಕ್ಕೆ ಕೇಳಿಸಿರಬೇಕು. ಪಕ್ಕದಲ್ಲಿದ್ದ ಲೀದಿಯಾ, ನಮ್ಮ ಓಣಿಯ ಸೊಸೆ, ಸೆರಗು ಹಿಡಿದು, "ಅಕ್ಕಾ, ಎಲ್ಲಿಗೆ? ಅರಾಮಿಲ್ಲೇನು?" ಎಂದು ಪಿಸುಗುಟ್ಟಿದಳು.

"ಅರಾಮ ಅದೀನಿ," ಎಂದೆ.

ಬಾಗಿಲಲ್ಲಿ ನನ್ನ ಚಪ್ಪಲಿ ಬೇರೆಯವರ ಚಪ್ಪಲಿಗಳ ಕೆಳಗೆ ಸಿಕ್ಕಿಕೊಂಡಿತ್ತು. ಹುಡುಕುತ್ತ ಬಗ್ಗಿದ್ದಾಗ ನೂರು ಜನರ ಕಣ್ಣು ಬೆನ್ನಿನ ಮೇಲೆ ಇದ್ದ ಹಾಗೆ ಅನ್ನಿಸಿತು. ಬಹುಶಃ ಎಲ್ಲರೂ ಕಣ್ಣು ಮುಚ್ಚಿಯೇ ಇದ್ದರೋ ಏನೋ.

ಮತಗಟ್ಟೆ ಪ್ರಾಥಮಿಕ ಶಾಲೆಯಲ್ಲಿತ್ತು, ಐದು ನಿಮಿಷದ ದಾರಿ. ಅಲ್ಲಿದ್ದ ಗುಮಾಸ್ತ ನನ್ನ ಓಣಿಯ ಹೆಸರು ಕೇಳಿ ತಲೆ ಎತ್ತಿ ನೋಡಿದ. ಮತದಾರರ ಪಟ್ಟಿಯಲ್ಲಿ ನಮ್ಮ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. "ಎಷ್ಟು ಇಲೆಕ್ಷನ್ ಆತ್ರೀ ಬಾಯಾರ, ಈ ಹಾಳಿಗೆ ಗೀಟು ಹೊಡದದ್ದು ಇಲ್ಲ," ಎಂದು ಉಗುರಿನಿಂದ ಬಿಡಿಸಿ, ನನ್ನ ಹೆಸರಿನ ಮುಂದೆ ಗೀಟು ಹಾಕಿದ. ನಿಂತವರು ಇಬ್ಬರು, ಹಳೆಯ ಸದಸ್ಯ ಗೂಳಪ್ಪ ಮತ್ತು ನಿವೃತ್ತರಾದ ನೀಲಕಂಠ ಮಾಸ್ತರು. ಯಾರಿಗೆ ಹಾಕಿದೆ ಎಂದು ಹೇಳಬಾರದು, ಆದರೆ ಮುಂದಿನದು ಅರ್ಥವಾಗಲು ಹೇಳಲೇಬೇಕು. ಮಾಸ್ತರಿಗೆ ಹಾಕಿದೆ. ಚೀಟಿ ಮಡಿಸಿ ಪೆಟ್ಟಿಗೆಗೆ ಹಾಕುವ ಮೊದಲು ಅಲ್ಲೇ ನಿಂತು ಪ್ರಾರ್ಥಿಸಿದೆ. ಹಿಂದಿನವರು "ಬೇಗ ಮುಗಸ್ರಿ" ಎಂದರು. ಶಾಯಿ ತಣ್ಣಗಿತ್ತು.

ಮಾಸ್ತರು ಗೆದ್ದರು. ಪೌರಕಾರ್ಮಿಕರ ಸಾಲಿನಲ್ಲಿ ಹಲಗೆ ಬಾರಿಸಿದರು. ನಮ್ಮ ಓಣಿಯಲ್ಲಿ ಯಾರೂ ನನಗೆ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವಿಠೋಬಣ್ಣ ಮಾತ್ರ ನನ್ನ ಬೆರಳು ನೋಡಿ, "ಹೋತಲ್ಲ ಮಿಲ್ಕಾಬಾಯಿ, ಇನ್ನ ನಿಮ್ಮ ಕಾಜಾನೂ ನಮ್ಮವರಂಗ ವಾರೆಪಾರೆ ಬೀಳತಾವ," ಎಂದು ನಕ್ಕು, ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕಿಕೊಳ್ಳುವ ಒಂದು ಹಳೆಯ ಹಿತ್ತಾಳೆಯ ಬೆರಳಟೋಪಿ ಕೊಟ್ಟ. ಮುಂದಿನ ಪ್ರಭುಭೋಜನಕ್ಕೆ ಎರಡು ದಿನ ಮೊದಲು ಬಾಗಿಲು ಬಡಿದ ಸದ್ದಾಯಿತು. ಸಂತೋಷದಿಂದ ಓಡಿ ಹೋಗಿ ತೆರೆದೆ. ಲೀದಿಯಾ ಬುಟ್ಟಿ ಹಿಡಿದು ನಿಂತಿದ್ದಳು.

"ಅಕ್ಕಾ, ಬಟ್ಟಲಾ ಮತ್ತ ವಸ್ತ್ರ ತಗೊಂಡು ಬಾ ಅಂದ್ರು ಹಿರಿಯರು." ಅವಳು ನೆಲ ನೋಡುತ್ತಿದ್ದಳು. "ಇಸ್ತ್ರಿ ಹೆಂಗ ಮಾಡತೀರಿ ಹೇಳಿಕೊಡ್ರಿ. ನಂಗ ಮಡಿಕಿ ಬೀಳತಾವ."

ನೀರು ಚಿಮುಕಿಸಿ ಸುತ್ತಿಡಬೇಕು, ಹಿಂಭಾಗದಿಂದ ಶುರು ಮಾಡಬೇಕು, ಅಂಚಿನ ಶಿಲುಬೆಯ ಕಸೂತಿಯ ಮೇಲೆ ಒತ್ತಬಾರದು ಎಂದು ಹೇಳಿಕೊಟ್ಟೆ. ಬಟ್ಟಲುಗಳನ್ನು ಎಣಿಸಿ ಬುಟ್ಟಿಯಲ್ಲಿ ಇಟ್ಟೆ. ನೂರಿಪ್ಪತ್ತೂ ಇದ್ದವು, ಇಪ್ಪತ್ತು ವರ್ಷದಲ್ಲಿ ಒಂದೂ ಒಡೆದಿರಲಿಲ್ಲ. ಅವಳು ಹೋದ ಮೇಲೆ ಬಟ್ಟಲು ಇಡುತ್ತಿದ್ದ ಗೂಡಿನಲ್ಲಿ ಏನಿಡಬೇಕೆಂದು ತಿಳಿಯದೆ ದಾರದ ಉಂಡೆಗಳನ್ನು ಇಟ್ಟೆ. ಆಮೇಲೆ ತೆಗೆದೆ. ಅದು ಈಗಲೂ ಖಾಲಿಯೇ ಇದೆ.

ಆ ಭಾನುವಾರ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ಮುಂದಿನ ತಿಂಗಳು ಇಬ್ಬರು ಕೂರುವಷ್ಟು. ರೊಟ್ಟಿಗಾಗಿ ಕೈ ಚಾಚಿದಾಗ ಅಯ್ಯನವರ ಕೈ ಒಂದು ಕ್ಷಣ ನಿಂತಿತು, ಆದರೆ ಕೊಟ್ಟರು. ಅದಕ್ಕೆ ನಾನು ಅವರಿಗೆ ಋಣಿ. ಬಟ್ಟಲಿನ ತಟ್ಟೆ ಹಿಡಿದು ಬಂದ ತಿಮೋಥಿ ಹಿರಿಯರು, ಯಾರಿಗೂ ಕೇಳಿಸದ ಹಾಗೆ, "ಬಲಗೈಲೆ," ಎಂದರು. ನಾನು ಯಾವತ್ತೂ ಬಲಗೈಯಿಂದಲೇ ತೆಗೆದುಕೊಳ್ಳುವವಳು.

ಮೂರು ತಿಂಗಳು ಏನೂ ಆಗಲಿಲ್ಲ. ನೀಲಕಂಠ ಮಾಸ್ತರು ಅರ್ಧ ಊರಿಗೆ ಅಕ್ಷರ ಕಲಿಸಿದವರು, ಅವರಿಂದ ತಪ್ಪಾಗದು ಎಂದುಕೊಂಡೆ. ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಿಳಿ ಅಂಗಿಯೊಂದಕ್ಕೆ ಮೂರನೆಯ ಕಾಜಾ ಕೊಯ್ಯುತ್ತಿದ್ದೆ. ಮೊದಲು ಬೆರಳು ತಣ್ಣಗಾಯಿತು. ನಂತರ ಯಾರೋ ಉಗುರಿನ ಕೆಳಗೆ ಮೊಳೆ ಇಟ್ಟು ತಿರುವಿದ ಹಾಗೆ ಮುಂಗೈ ತನಕ ಏರಿತು. ಕತ್ತರಿ ಬಿತ್ತು. ಅಂಗಿ ಹಾಳಾಯಿತು.

ಅತ್ತುಬಿಟ್ಟೆ. ನೋವಿಗಲ್ಲ. ಎಲ್ಲೋ ಒಬ್ಬ ಮನುಷ್ಯ ತಪ್ಪು ಮಾಡಿದ್ದ, ಅವನನ್ನು ಅಲ್ಲಿ ಕೂರಿಸಿದ್ದರಲ್ಲಿ ನನ್ನ ಪಾಲೂ ಇತ್ತು. ಇಷ್ಟು ವರ್ಷ ನಾವು 'ಅಧಿಕಾರಿಗಳಿಗಾಗಿ' ಎಂದು ಪ್ರಾರ್ಥಿಸುವಾಗ ಆ ಮಾತಿನೊಳಗೆ ಯಾರ ಮುಖವೂ ನನಗೆ ಕಂಡಿರಲಿಲ್ಲ. ಅವತ್ತು ಬೆರಳು ಹಿಡಿದುಕೊಂಡೇ ಮೊಣಕಾಲೂರಿ, ನೀಲಕಂಠ ಮಾಸ್ತರ ಹೆಸರು ಹಿಡಿದು, ಅವರ ದಪ್ಪ ಕನ್ನಡಕ ನೆನೆದು, ಪ್ರಾರ್ಥಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಮನಸ್ಸಿಟ್ಟು ಯಾವ ಅಧಿಕಾರಿಗಾಗಿಯೂ ಬೇಡಿಕೊಂಡಿರಲಿಲ್ಲ.

ನಂತರ ಹುಲಿಗೆವ್ವನ ಮನೆಗೆ ಹೋದೆ. ಅವಳು ಕಟ್ಟೆಯ ಮೇಲೆ ಕೂತು ಬೆರಳಿಗೆ ಎಣ್ಣೆ ತಿಕ್ಕುತ್ತಿದ್ದಳು. ನನಗೆ ಒಂದೇ ಒಂದು ಮಾತು ತಿಳಿಯಬೇಕಿತ್ತು.

"ಹುಲಿಗೆವ್ವ, ಖರೇ ಹೇಳು. ಮೊದಲಿನಕಿಂತ ಕಮ್ಮಿ ಅನಸತದೇನು?"

ಅವಳು ನನ್ನ ಶಾಯಿ ಬೆರಳನ್ನು ಹಿಡಿದು ಎಣ್ಣೆ ಹಚ್ಚತೊಡಗಿದಳು. "ಏನಂತ ಹೇಳ್ಲಿ ತಂಗಿ? ನಲವತ್ತು ಇದ್ದದ್ದು ನಲವತ್ತೊಂದಾದ್ರ ಬೆರಳಿಗೆ ತಿಳೀತದೇನು? ತಿಳೀತು ಅಂದ್ರ ಸುಳ್ಳಾಗತೈತಿ." ಸ್ವಲ್ಪ ಹೊತ್ತು ತಿಕ್ಕಿ, "ಸಂಜೀಕ ಮಾಸ್ತರ ಕಡೆ ಹೋಗೂವ್ರ ಅದೀವಿ, ಏನ್ ಸಹಿ ಮಾಡಿದ್ರಿ ಅಂತ ಕೇಳಾಕ. ಬರ್ತೀಯೇನು?" ಎಂದಳು.

ಹೋದೆ. ಹದಿಮೂರು ಜನ ಮಾಸ್ತರ ವರಾಂಡದ ಮುಂದೆ ಬೆರಳು ಎತ್ತಿ ನಿಂತೆವು, ಶಾಲೆಯ ಮಕ್ಕಳು ಹೊರಗೆ ಹೋಗಲು ಕೇಳುವ ಹಾಗೆ. ಯಾರಿಗೋ ನಗು ಬಂತು. ಮಾಸ್ತರು ಕನ್ನಡಕ ತೆಗೆದು ಒರೆಸಿ, "ನಾಲ್ಕು ಕಾಗದ ತಂದಿಟ್ರು. ಓದಲಾರದಽ ಸಹಿ ಮಾಡಿದೆ," ಎಂದರು. ಹುಲಿಗೆವ್ವ, "ನಮ್ಮ ಹಿರೇಮಗ ಓದಲಿಲ್ಲ ಅಂತ ಬಾಸುಂಡೆ ಬರೂ ಹಂಗ ಬಡದಿದ್ರಲ್ರಿ ಸರ," ಎಂದಳು. ಮಾಸ್ತರು ತಲೆ ತಗ್ಗಿಸಿದರು. ನಾಳೆ ಆ ಕಾಗದಗಳನ್ನು ತರಿಸಿ ಓದುತ್ತೇನೆ ಎಂದರು. ನಾನು ಎಲ್ಲರ ಹಿಂದೆ ನಿಂತಿದ್ದೆ. ಆದರೆ ಬೆರಳು ಎತ್ತಿದ್ದೆ.

ವಾಪಸ್ ಬರುವಾಗ ಪುರಸಭೆಯ ಗೋಡೆಯ ಮೇಲೆ ಇನ್ನೂ ಅಂಟಿಸಿಯೇ ಇದ್ದ ಚುನಾವಣೆಯ ಪಟ್ಟಿ ಕಂಡಿತು. ಮಳೆಗೆ ಅರ್ಧ ಕಳಚಿತ್ತು. ಯಾವ ಓಣಿಯಲ್ಲಿ ಎಷ್ಟು ಮತ ಎಂದು ಅದರಲ್ಲಿ ಬರೆದಿತ್ತು. 'ಪೌರಕಾರ್ಮಿಕರ ಸಾಲು: ಒಟ್ಟು ನಲವತ್ತು, ಚಲಾಯಿಸಿದವರು ನಲವತ್ತು. ಮಿಶನ್ ಓಣಿ: ಒಟ್ಟು ನೂರಾ ಎಂಟು, ಚಲಾಯಿಸಿದವರು ಎರಡು.'

ಎರಡು. ಬರೆದವರ ತಪ್ಪಿರಬೇಕು ಎಂದುಕೊಂಡು ಮರುದಿನ ಕಚೇರಿಗೆ ಹೋಗಿ ಅಂಜುತ್ತ ಕೇಳಿದೆ. ಅದೇ ಗುಮಾಸ್ತನಿದ್ದ. ಅವನಿಗೆ ನೆನಪಿತ್ತು. "ತಪ್ಪಲ್ರೀ ಬಾಯಾರ. ನೀವು ಹೋದಮ್ಯಾಲೆ ಇನ್ನೊಬ್ಬರು ಬಂದಿದ್ರಲ್ಲ. ನಾಲ್ಕು ಹೊಡದಮ್ಯಾಲೆ ಇರಬೇಕು. ಯಾರಂತ ನಾ ಹೇಳಾಂಗಿಲ್ಲ," ಎಂದ.

ನಾಲ್ಕು ಗಂಟೆಗೆ ಉಪವಾಸ ಪ್ರಾರ್ಥನೆಯಲ್ಲಿ ಸಕ್ಕರೆ ಕಾಯಿಲೆಯವರಿಗೂ ಮುದುಕರಿಗೂ ಚಹಾದ ಬಿಡುವು ಕೊಡುತ್ತಾರೆ. ಹದಿನೈದು ನಿಮಿಷ ಎಲ್ಲರೂ ಹಿಂದಿನ ಅಂಗಳದಲ್ಲಿ ಚದುರಿರುತ್ತಾರೆ. ಯಾರು ಬೇಕಾದರೂ ಹೋಗಿ ಬಂದಿರಬಹುದು.

ಅಂದಿನಿಂದ ಪ್ರತಿ ಭಾನುವಾರ ನಾನು ಜನರ ಮುಖ ನೋಡುವುದನ್ನು ಬಿಟ್ಟು ಎಡಗೈ ನೋಡತೊಡಗಿದೆ. ಚಳಿಗಾಲ, ಅರ್ಧ ಜನರ ಕೈ ಶಾಲಿನೊಳಗೆ. ಲೀದಿಯಾಳ ಬೆರಳಿಗೆ ಬಟ್ಟೆಯ ಪಟ್ಟಿ ಇತ್ತು, ವಸ್ತ್ರ ಇಸ್ತ್ರಿ ಮಾಡುವಾಗ ಸುಟ್ಟಿತು ಎಂದಳು. ತಿಮೋಥಿ ಹಿರಿಯರ ಬೆರಳಿಗೂ ಪಟ್ಟಿ, ಬಾಗಿಲ ಸಂದಿಗೆ ಸಿಕ್ಕಿತ್ತಂತೆ. ಅಯ್ಯನವರ ನಿಲುವಂಗಿಯ ತೋಳು ಮೊದಲಿನಿಂದಲೂ ಉದ್ದ. ಹೀಗೆ ನೋಡುವುದು ಪಾಪವೆಂದು ಅನ್ನಿಸುತ್ತಿತ್ತು, ನೋಡದೆ ಇರಲೂ ಆಗುತ್ತಿರಲಿಲ್ಲ. ಯಾರೋ ಒಬ್ಬರು ಈ ಓಣಿಯಲ್ಲಿ ನನ್ನ ಹಾಗೆಯೇ ಇದ್ದಾರೆ, ಆದರೆ ನನ್ನ ಪಕ್ಕದ ಖಾಲಿ ಜಾಗದಲ್ಲಿ ಬಂದು ಕೂರುವುದಿಲ್ಲ. ಒಮ್ಮೊಮ್ಮೆ ಅದು ಧೈರ್ಯ ಕೊಡುತ್ತಿತ್ತು. ಒಮ್ಮೊಮ್ಮೆ, ಯಾರೂ ಇಲ್ಲದಿದ್ದಕ್ಕಿಂತ ಇದೇ ಹೆಚ್ಚು ಒಂಟಿತನ ಅನ್ನಿಸುತ್ತಿತ್ತು.

ಹೋದ ತಿಂಗಳ ಎರಡನೆಯ ಭಾನುವಾರ, ಆರಾಧನೆಯ ನಡುವೆ, ಅಯ್ಯನವರು ಮೌನ ಪ್ರಾರ್ಥನೆಗೆ ಕರೆ ಕೊಟ್ಟರು. ಎಲ್ಲರೂ ಕಣ್ಣು ಮುಚ್ಚಿದೆವು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆಗ ನನ್ನ ಬೆರಳು ತಣ್ಣಗಾಯಿತು. ಮಾಸ್ತರು ಎಲ್ಲೋ ಮತ್ತೆ ತಪ್ಪಿದ್ದರು. ಮೊಳೆ ತಿರುಗುವ ಆ ಕ್ಷಣಕ್ಕೆ ಹಲ್ಲು ಕಚ್ಚಿ ಕಾಯುತ್ತಿದ್ದೆ. ನೋವು ಬಂತು. ಸರಿಯಾಗಿ ಅದೇ ಕ್ಷಣಕ್ಕೆ, ದೇವಾಲಯದೊಳಗೆ ಇನ್ನೊಬ್ಬರು ಯಾರೋ ಹಲ್ಲಿನ ಸಂದಿಯಿಂದ ಸರಕ್ಕನೆ ಉಸಿರೆಳೆದುಕೊಂಡರು.

ಕಣ್ಣು ತೆರೆದಿದ್ದರೆ ಸಾಕಿತ್ತು. ಬೇರೆ ಎಲ್ಲರ ಕಣ್ಣೂ ಮುಚ್ಚಿತ್ತು, ಬೆರಳು ಹಿಡಿದುಕೊಂಡವರು ಒಬ್ಬರೇ ಇರುತ್ತಿದ್ದರು. ನಾನು ತೆರೆಯಲಿಲ್ಲ. ಅವರಾಗಿ ತೋರಿಸದ ಕೈಯನ್ನು ನಾನು ಕದ್ದು ನೋಡಬಾರದು ಎಂಬ ಮರ್ಯಾದೆಯಿಂದ ತೆರೆಯಲಿಲ್ಲವೋ, ನೋಡಿದರೆ ಅಲ್ಲಿ ಕಾಣುವ ಮುಖಕ್ಕೆ ಹೆದರಿ ತೆರೆಯಲಿಲ್ಲವೋ, ನನಗೆ ಗೊತ್ತಿಲ್ಲ. ಆ ಉಸಿರು ಗಂಡಸರ ಕಡೆಯಿಂದ ಬಂತೋ, ಹೆಂಗಸರ ಕಡೆಯಿಂದಲೋ, ಮುಂದೆ ವೇದಿಕೆಯ ಮೇಲಿನಿಂದಲೋ, ಅದೂ ಗೊತ್ತಿಲ್ಲ.